ಸೌದೆಮನೆಯ ಕಡೆ ನೋಡದವರು

ಜೂನ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಅಮಲರಾಜ್ ಠಾಣೆಗೆ ಬಂದರು. ಬಂದವರು ಒಳಗೆ ಕಾಲಿಡಲಿಲ್ಲ. ಕಾಂಪೌಂಡಿನ ಹೊಂಗೆ ಮರದ ಕೆಳಗೆ ನಿಂತೇ ಇದ್ದರು. ಹೆಡ್ ಕಾನ್‌ಸ್ಟೆಬಲ್ ಚನ್ನಬಸವಯ್ಯ ಕಿಟಕಿಯಿಂದ ನೋಡಿ ಗುರುತು ಹಿಡಿದು, ಹೊರಗೆ ಹೋಗಿ ಕೈ ಹಿಡಿದು ಕರೆತಂದರು. ಅಮಲರಾಜ್ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದವರು. ದಸರಾ ಬಂದೋಬಸ್ತಿನಲ್ಲಿ ನಿಂತು ಕಾಲು ನೋಯಿಸಿಕೊಂಡ ಹಳಬರಿಗೆಲ್ಲ ಅವರ ಪರಿಚಯವಿತ್ತು.

ಇನ್ಸ್‌ಪೆಕ್ಟರ್ ನಯನಾ ಕುರ್ಚಿ ತೋರಿಸಿದಳು. ಈ ಠಾಣೆಗೆ ವರ್ಗವಾಗಿ ಬಂದು ಅವಳಿಗಿನ್ನೂ ಹೆಚ್ಚು ದಿನವಾಗಿರಲಿಲ್ಲ.

"ಮಗಳು ಕಾಣ್ತಾ ಇಲ್ಲ ಮೇಡಂ. ಫ್ಲೇವಿಯಾ ಅಂತ."

"ಎಷ್ಟು ದಿನದಿಂದ?"

"ಎರಡು ವಾರ ಆಗ್ತಾ ಬಂತು."

"ಎರಡು ವಾರ ಏನ್ ಮಾಡ್ತಿದ್ರಿ?"

ಅಮಲರಾಜ್ ತಲೆ ತಗ್ಗಿಸಿದರು. "ಅವಳು ನನ್ನ ಜೊತೆ ಇಲ್ಲ ಮೇಡಂ. ಅವಳೂ ಅವಳ ತಾಯೀನೂ ಯಾದವಗಿರೀಲಿ ನಿಶ್ಚಲ ಬಳಗದ ಬಂಗ್ಲೇಲಿದಾರೆ. ಒಂಟಿಕೊಪ್ಪಲಿನ ಶಿಶುವಿಹಾರದಲ್ಲಿ ಟೀಚರ್ ಅವಳು. ಶುಕ್ರವಾರ ಸ್ಕೂಲ್ ಬಿಟ್ಟ ಮೇಲೆ ಗೇಟ್ ಹತ್ರ ನಿಂತಿರ್ತೀನಿ. ಇಬ್ರೂ ಚುರುಮುರಿ ತಿಂತೀವಿ. ಅವಳ ತಾಯಿಗೆ ಗೊತ್ತಿಲ್ಲ. ಎರಡು ಶುಕ್ರವಾರದಿಂದ ಬಂದಿಲ್ಲ."

"ಸ್ಕೂಲಿನವರು ಏನಂದ್ರು?"

"ಕೊಳ್ಳೇಗಾಲಕ್ಕೆ ಅತ್ತೆ ಮನೆಗೆ ಹೋಗಿದಾಳೆ ಅಂತ ಅವಳ ತಾಯಿ ಫೋನ್ ಮಾಡಿದ್ರಂತೆ. ಆ ಅತ್ತೆ ನನ್ನ ತಂಗೀನೇ. ಅಲ್ಲಿಗೆ ಬಂದೇ ಇಲ್ಲ ಅಂತಾಳೆ."

"ಹೆಂಡತೀನ ಕೇಳಿದ್ರಾ?"

"ಅವಳು ನನ್ ಹತ್ರ ಮಾತಾಡಲ್ಲ." ಅಷ್ಟು ಹೇಳಿ ಅವರು ಬಾಯಿ ಮುಚ್ಚಿಕೊಂಡರು. ಇನ್ನೇನೋ ಇದೆ ಎಂದು ನಯನಾಗೆ ಅನ್ನಿಸಿತು. ಗಂಡ ಹೆಂಡಿರ ಜಗಳದ ಸಂಕೋಚವಿರಬೇಕು ಎಂದುಕೊಂಡು ಕೆದಕಲಿಲ್ಲ. ಕಾಣೆಯಾದವರ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು.

ನಿಶ್ಚಲ ಬಳಗದ ಮೇಲೆ ಅಲ್ಲಿಯವರೆಗೆ ಯಾರೂ ದೂರು ಕೊಟ್ಟಿರಲಿಲ್ಲ. ಅದನ್ನು ಕಟ್ಟಿದ ಪವಮಾನ ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಲಕ್ಷ್ಮೀಪುರಂನ ಹಳೆಯ ಮನೆತನದವರು. ಅವರ ಹಿರಿಯರು ಅರಮನೆಯ ಮಕ್ಕಳಿಗೆ ಅಕ್ಷರ ಕಲಿಸಿದ್ದರಂತೆ. ಬಂಗಲೆಯ ಹಜಾರದಲ್ಲಿ ಒಂದು ದೀಪ, ಪಕ್ಕದಲ್ಲಿ ಒಂದು ಮರದ ಶಿಲುಬೆ. ಹಿಂದೂಗಳೂ ಬರುತ್ತಿದ್ದರು, ಚರ್ಚು ಬಿಟ್ಟ ಕ್ರೈಸ್ತರೂ ಬರುತ್ತಿದ್ದರು. ಭಾನುವಾರದ ಪ್ರವಚನಕ್ಕೆ ಡಾಕ್ಟರುಗಳು, ನಿವೃತ್ತ ಅಧಿಕಾರಿಗಳು ಕಾರಿನಲ್ಲಿ ಬಂದಿಳಿಯುತ್ತಿದ್ದರು. ಮನಸ್ಸು ಅಲುಗಬಾರದು ಎನ್ನುವುದೇ ಅಲ್ಲಿನ ಬೋಧನೆ. ಕೇಳಿದರೆ ಯಾರಾದರೂ ತಲೆದೂಗುವಂಥದ್ದು.

ಮಧ್ಯಾಹ್ನ ಮೂರಕ್ಕೆ ನಯನಾ, ಚನ್ನಬಸವಯ್ಯ ಮತ್ತು ಮಹಿಳಾ ಕಾನ್‌ಸ್ಟೆಬಲ್ ಸುಷ್ಮಿತಾ ಬಂಗಲೆಗೆ ಹೋದರು. ಪವಮಾನ ಬಾಗಿಲಿಗೇ ಬಂದು ಕೈ ಮುಗಿದರು. ಬಿಳಿ ಪಂಚೆ, ಬಿಳಿ ಜುಬ್ಬಾ, ಮೆತ್ತಗಿನ ದನಿ. ಆ ಮನೆಯಲ್ಲಿ ಎಲ್ಲರ ದನಿಯೂ ಮೆತ್ತಗಿತ್ತು. ಠಾಣೆಯ ಗದ್ದಲದಲ್ಲಿ ದಿನ ಕಳೆಯುವ ನಯನಾಗೆ ಅಲ್ಲಿ ತನ್ನ ಬೂಟಿನ ಸದ್ದೇ ಅಪರಾಧದ ಹಾಗೆ ಕೇಳಿಸಿತು.

ಫ್ಲೇವಿಯಾಳ ತಾಯಿ ವಿಕ್ಟೋರಿಯಾ ಬಂದು ಕೂತರು. ಐವತ್ತು ದಾಟಿದ ಹೆಂಗಸು, ಬಿಳಿ ಸೀರೆ, ಸೆರಗು ಕತ್ತಿನ ಸುತ್ತ ಬಿಗಿಯಾಗಿ ಹೊದ್ದಿದ್ದರು.

"ಮಗಳು ಎಲ್ಲಿ?"

"ಕೊಳ್ಳೇಗಾಲಕ್ಕೆ ಹೋದ್ಲು."

"ಅಲ್ಲಿಗೆ ಹೋಗಿಲ್ಲವಂತೆ."

"ನಾನೇ ಸಬರ್ಬನ್ ಬಸ್ ಸ್ಟ್ಯಾಂಡಿಗೆ ಹೋಗಿ ಬಸ್ ಹತ್ತಿಸಿ ಬಂದೆ. ಆಮೇಲೆ ಎಲ್ಲಿಗೆ ಹೋದ್ಲೋ ಗೊತ್ತಿಲ್ಲ."

"ಮಗಳು ಎರಡು ವಾರದಿಂದ ಎಲ್ಲಿದಾಳೆ ಅಂತ ಗೊತ್ತಿಲ್ಲ. ನಿಮಗೆ ಗಾಬರಿ ಇಲ್ವಾ?"

"ಅಲುಗಬಾರದು ಅಂತ ಕಲ್ತಿದೀವಿ," ಎಂದರು ವಿಕ್ಟೋರಿಯಾ.

ಹೆತ್ತ ತಾಯಿಯೇ ಬಸ್ಸು ಹತ್ತಿಸಿದೆ ಎನ್ನುವಾಗ ಇಲ್ಲವೆನ್ನುವುದು ಹೇಗೆ? ಉಳಿದವರೂ ಅದನ್ನೇ ಹೇಳಿದರು. ಮನೆಯನ್ನು ನೋಡಬಹುದೇ ಎಂದು ಕೇಳಿದ್ದಕ್ಕೆ ಪವಮಾನ ತಾವೇ ಮುಂದೆ ನಡೆದು ಒಂದೊಂದೇ ಕೋಣೆ ತೆರೆದು ತೋರಿಸಿದರು. ಅಡುಗೆಮನೆಯ ಹಿಂಬಾಗಿಲು ದಾಟಿದರೆ ಬಾವಿಕಟ್ಟೆಯವರೆಗೆ ಒಂದು ಓಣಿ. ಓಣಿಯ ಎಡಕ್ಕೆ ಹೆಂಚಿನ ಸೌದೆಮನೆ, ಬಲಕ್ಕೆ ಕಾಂಪೌಂಡ್ ಗೋಡೆ. ಸೌದೆಮನೆಗೆ ಬೀಗ ಬಿದ್ದಿತ್ತು.

"ಇಲ್ಲೇನಿದೆ?"

"ಹಳೇ ಸೌದೆ. ಹೋದ ವರ್ಷ ಹಾವು ಸೇರ್ಕೊಂಡಿತ್ತು. ಮಕ್ಕಳು ಮರಿ ಬರ್ತಾರಲ್ಲ, ಅದಕ್ಕೆ ಬೀಗ."

ತೆಗೆಸಿ ನೋಡೋಣ ಎಂಬ ಮಾತು ನಯನಾಳ ಬಾಯಿಗೆ ಬಂದಿತ್ತು. ಅದೇ ಹೊತ್ತಿಗೆ ಬಾವಿಕಟ್ಟೆಯ ಬಳಿ ಹೂ ಬಿಡಿಸುತ್ತಿದ್ದ ಇಬ್ಬರು ಮುದುಕರಿಗಾಗಿ ಕಮಲ ಎಂಬ ಹೆಂಗಸು ಕಾಫಿ ತಟ್ಟೆ ಹಿಡಿದು ಓಣಿಯಲ್ಲಿ ಬಂದರು. ಸೌದೆಮನೆಯ ಎದುರಿಗೆ ಬಂದಾಗ ಅವರ ಕುತ್ತಿಗೆ ಕಾಂಪೌಂಡ್ ಗೋಡೆಯತ್ತ ಹೊರಳಿತು. ಕಾಫಿ ತುಳುಕಿತು. ಅಷ್ಟರಲ್ಲಿ ಎಸಿಪಿ ಸಾಹೇಬರ ಫೋನು. "ಏನಮ್ಮಾ, ಯಾದವಗಿರೀಲಿ ಏನ್ ನಡೀತಿದೆ? ದೊಡ್ಡದೊಡ್ಡವರು ಫೋನ್ ಮಾಡ್ತಿದಾರೆ. ಧರ್ಮದ ವಿಷಯ, ಹುಷಾರು." ಮಾತು ಮುಗಿಸುವಷ್ಟರಲ್ಲಿ ಪವಮಾನ ಅವಳನ್ನು ನಯವಾಗಿ ಹಜಾರಕ್ಕೆ ಕರೆತಂದು ಕೂರಿಸಿ ಅವಳ ಕೈಗೂ ಕಾಫಿ ಕೊಡಿಸಿದ್ದರು.

ಅವಳು ಕಾಫಿ ಕುಡಿದಳು. ಯುವತಿ ಸ್ವಇಚ್ಛೆಯಿಂದ ಹೋಗಿರುವ ಸಾಧ್ಯತೆ ಇದೆ ಎಂದು ಕೇಸ್ ಡೈರಿಯಲ್ಲಿ ಬರೆದಳು. ಜೀಪು ಹತ್ತಿದಾಗ ಮನಸ್ಸಿನಲ್ಲಿ ಏನೋ ಚುಚ್ಚುತ್ತಿತ್ತು, ಅದೇನೆಂದು ಹೇಳಲು ಬರಲಿಲ್ಲ. ಹೇಳಲು ಬಾರದ್ದನ್ನು ಕಡತದಲ್ಲಿ ಬರೆಯುವ ಪದ್ಧತಿ ನಮ್ಮ ಇಲಾಖೆಯಲ್ಲಿಲ್ಲ. ಹಾಗಾಗಿ ಅವಳು ಅದನ್ನು ಬಿಟ್ಟಳು.

ಮಂಗಳವಾರವಿಡೀ ಬಸ್ ನಿಲ್ದಾಣದ ಕ್ಯಾಮೆರಾಗಳ ದೃಶ್ಯ ನೋಡುವುದರಲ್ಲಿ ಹೋಯಿತು. ವಿಕ್ಟೋರಿಯಾ ಹೇಳಿದ ದಿನ, ಹೇಳಿದ ಹೊತ್ತಿನಲ್ಲಿ ತಾಯಿಯೂ ಇಲ್ಲ, ಮಗಳೂ ಇಲ್ಲ. ಆದರೆ ನಿಲ್ದಾಣದಲ್ಲಿ ಕ್ಯಾಮೆರಾ ಕಾಣದ ಮೂಲೆಗಳು ಬೇಕಾದಷ್ಟಿದ್ದವು. ಫ್ಲೇವಿಯಾಳ ಮೊಬೈಲು ಕೊನೆಯ ಸಲ ಮಾತಾಡಿದ್ದು ಯಾದವಗಿರಿಯ ಟವರಿನೊಡನೆ. ಆಮೇಲೆ ಸ್ವಿಚ್ ಆಫ್. ಅಲ್ಲೇ ವಾಸವಿದ್ದವಳ ಫೋನು ಅಲ್ಲೇ ಆಫಾದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಬುಧವಾರ ಬೆಳಿಗ್ಗೆ ಸುಷ್ಮಿತಾ ಕಾಗದ ಹಿಡಿದು ನಯನಾಳ ಕೋಣೆಗೆ ಬರುತ್ತಿದ್ದಳು. ದಾರಿಯಲ್ಲಿ ಲಾಕಪ್ಪು. ಅದನ್ನು ದಾಟುವಾಗ ಸುಷ್ಮಿತಾ ಕಾಗದವನ್ನು ಕೆನ್ನೆಗೆ ಅಡ್ಡ ಹಿಡಿದು ಮುಖ ಇನ್ನೊಂದು ಕಡೆಗೆ ತಿರುಗಿಸಿಕೊಂಡು ಸರಸರನೆ ಬಂದಳು.

"ಏನೇ ಅದು?"

"ನಮ್ಮ ಪಕ್ಕದ್ಮನೆ ಹುಡುಗ ಮೇಡಂ ಒಳಗಿರೋನು. ಬೈಕ್ ಕೇಸು. ಅವನ ಮುಖ ನೋಡಕ್ಕೆ ನಂಗೇ ಒಂಥರಾ ಆಗ್ಬುಡ್ತದೆ."

"ನಿನ್ನೆ ತಿರುಗಿಸ್ತಿರಲಿಲ್ಲ."

"ನಿನ್ನೆ ಖಾಲಿ ಇತ್ತಲ್ಲ ಮೇಡಂ."

ನಯನಾ ಪೆನ್ನು ಕೆಳಗಿಟ್ಟಳು. ಖಾಲಿ ಜಾಗದಿಂದ ಯಾರೂ ಮುಖ ತಿರುಗಿಸುವುದಿಲ್ಲ. ಕಮಲ ಅವರ ಕುತ್ತಿಗೆ ಹೊರಳಿದ್ದು, ಕಾಫಿ ತುಳುಕಿದ್ದು ಕಣ್ಣಿಗೆ ಕಟ್ಟಿತು. ಹಾವಿಗೆ ಹೆದರುವವರು ಆ ಕಡೆ ನೋಡಿಕೊಂಡೇ ನಡೆಯುತ್ತಾರೆ. ಸೋಮವಾರವೇ ಅವಳ ಮೈಗೆ ಇದು ತಿಳಿದಿತ್ತು. ಅವಳು ಕೇಳಿಸಿಕೊಂಡಿರಲಿಲ್ಲ.

ಅಮಲರಾಜ್ ಅವರನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದಳು. "ಆ ಮನೇಲಿ ಮುಖ ತಿರುಗಿಸೋದು ಅಂದ್ರೆ ಏನು?"

ಅವರ ಮುಖ ಸುಣ್ಣದ ಗೋಡೆಯ ಹಾಗೆ ಬಿಳಿಚಿತು.

"ನೆರಳು ಅಂತಾರೆ ಮೇಡಂ. ಯಾರಿಗಾದ್ರೂ ಬಳಗದ ಮೇಲೆ ಅನುಮಾನ ಬಂದ್ರೆ ಅವ್ರು ಅಲುಗಿದಾರೆ ಅಂತ. ಅವ್ರನ್ನ ಒಂದು ಕಡೆ ಕೂರಿಸ್ತಾರೆ. ಅದೇ ನೆರಳು. ಯಾರೂ ಅವ್ರ ಕಡೆ ನೋಡಬಾರದು, ಮಾತಾಡಬಾರದು. ನೋಡಿದ್ರೆ ನೋಡಿದವರ ಮನೇಲಿ ಒಂದು ಜೀವ ಹೋಗುತ್ತೆ ಅಂತ ಭಯ. ಒಬ್ಬೊಬ್ಬರಿಗೂ ಒಬ್ಬರು ಆಸರೆ ಅಂತ ಇರ್ತಾರೆ. ಮನಸ್ಸಿಗೆ ಬಂದಿದ್ದನ್ನೆಲ್ಲ ಅವರಿಗೆ ಹೇಳ್ಬೇಕು. ಅವರು ಅದನ್ನ ದೊಡ್ಡಣ್ಣಂಗೆ, ಅಂದ್ರೆ ಪವಮಾನ ಅವರಿಗೆ, ಒಪ್ಪಿಸ್ಬೇಕು."

"ಫ್ಲೇವಿಯಾಗೆ ಆಸರೆ ಯಾರು?"

"ಅವಳ ತಾಯಿ."

"ಇದನ್ನ ಸೋಮವಾರವೇ ಯಾಕೆ ಹೇಳಲಿಲ್ಲ?"

"ಹೆಂಡತಿ ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋದವನು ನಾನೇ ಮೇಡಂ. ಫಾದರ್ ಬೇಡ ಅಂದ್ರು, ಕೇಳಲಿಲ್ಲ. ಎಷ್ಟೋ ಜನರನ್ನ ನೋಡದೆ ಮುಖ ತಿರುಗಿಸ್ಕೊಂಡು ಓಡಾಡಿದೀನಿ ನಾನೂ. ಮಗ ಆಂಟೋ ತೀರ್ಕೊಂಡ ಮೇಲೆ ಬಿಟ್ಟು ಬಂದೆ. ಅವಳು ಬರಲಿಲ್ಲ. ಈಗ ರಸ್ತೇಲಿ ಸಿಕ್ಕಿದ್ರೂ ನನ್ನ ಹೆಂಡತಿ ಗೋಡೆ ನೋಡ್ಕೊಂಡು ಹೋಗ್ತಾಳೆ. ಹೆಂಗೆ ಹೇಳ್ಲಿ ಇದನ್ನ?"

ಅವರ ನಾಚಿಕೆಯಿಂದ ಎರಡು ದಿನ ಹೋಗಿತ್ತು. ನಯನಾಳ ಸಂಕೋಚದಿಂದಲೂ ಅದೇ ಎರಡು ದಿನ. ಬೈಯುವ ಹಕ್ಕು ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು.

ವಾರಂಟಿಲ್ಲದೆ ಶೋಧನೆ ನಡೆಸಬೇಕಾದರೆ, ಹಾಗೆ ನಂಬಲು ಕಾರಣವೇನೆಂದು ಮೊದಲು ಬರೆದಿಡಬೇಕು. ನಯನಾ ಬರೆದಳು: ಮನೆಯವರು ಬೀಗ ಹಾಕಿದ ಒಂದು ಬಾಗಿಲಿನ ಕಡೆ ನೋಡುವುದಿಲ್ಲ, ನೆರಳಿನಲ್ಲಿರುವವರನ್ನು ನೋಡಬಾರದೆಂಬುದು ಅವರ ನೇಮ, ಆದ್ದರಿಂದ ಯುವತಿ ಅಲ್ಲಿಯೇ ಇದ್ದಾಳೆಂದು ನಂಬಿದ್ದೇನೆ. ಎಸಿಪಿ ಸಾಹೇಬರು ಅದನ್ನು ಎರಡು ಸಲ ಓದಿದರು.

"ಇದು ಕಾರಣಾನಾ? ಕೋರ್ಟಲ್ಲಿ ನಗ್ತಾರಮ್ಮ."

"ಬಾಗಿಲು ತೆಗೆದು ಖಾಲಿ ಇದ್ರೆ ನಗಲಿ ಸಾರ್. ಉತ್ತರ ನಾನು ಕೊಡ್ತೀನಿ."

ಸಾಹೇಬರು ನಿಟ್ಟುಸಿರು ಬಿಟ್ಟು ಕಾಗದ ವಾಪಸು ಕೊಟ್ಟರು. ಬೇಡವೆನ್ನಲಿಲ್ಲ. ಅದೇ ಅಪ್ಪಣೆ ಎಂದುಕೊಂಡು ಅವಳು ಹೊರಟಳು.

ಸಂಜೆ ಐದೂವರೆ. ಬೀದಿಯ ತುದಿಯ ಔಷಧಿ ಅಂಗಡಿಯ ಲಿಂಗರಾಜು ಮತ್ತು ನೆರೆಮನೆಯ ಹಿರಿಯರೊಬ್ಬರು ಪಂಚಸಾಕ್ಷಿಗಳಾಗಿ ಬಂದರು. ಪವಮಾನ ಮತ್ತೆ ಬಾಗಿಲಿಗೇ ಬಂದು ಕೈ ಮುಗಿದರು. ಈ ಸಲ ನಯನಾ ಕೂರಲೂ ಇಲ್ಲ, ಕಾಫಿಯನ್ನೂ ಮುಟ್ಟಲಿಲ್ಲ.

"ಎಲ್ಲರೂ ಅಡುಗೆಮನೆ ಹಿಂಬಾಗಿಲಿಗೆ ಬನ್ನಿ. ಒಬ್ಬೊಬ್ಬರಾಗಿ ಬಾವಿಕಟ್ಟೆವರೆಗೂ ನಡೀರಿ."

"ಯಾಕೆ?"

"ನಡೀರಿ, ಅಷ್ಟೇ."

ಅವಳು ಪಂಚರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಬಾವಿಕಟ್ಟೆಯ ಬಳಿ ನಿಂತಳು. ಮೊದಲು ಕಮಲ ನಡೆದರು. ಸೌದೆಮನೆಯ ಎದುರಿಗೆ ಬಂದದ್ದೇ ಮುಖ ಗೋಡೆಗೆ ಹೊರಳಿತು. ಹೂ ಬಿಡಿಸುತ್ತಿದ್ದ ಮುದುಕರು ನಡೆದರು. ಅದೇ ಜಾಗ, ಅದೇ ಹೊರಳು. ಎಳೆಯ ದಂಪತಿಗಳು ನಡೆದರು. ಹೆಂಡತಿ ತಾನಾಗಿ ತಿರುಗಿಸಿಕೊಂಡು, ಮರೆತ ಗಂಡನ ಗಲ್ಲವನ್ನೂ ಕೈಯಿಂದ ತಳ್ಳಿದಳು. ಯಾರೂ ಬೇಕೆಂದು ಮಾಡುತ್ತಿರಲಿಲ್ಲ. ಪೊಲೀಸರು ನೋಡುತ್ತಿದ್ದಾರೆಂದು ಗೊತ್ತಿದ್ದರೂ ಅವರ ಕುತ್ತಿಗೆ ಮಾತು ಕೇಳುತ್ತಿರಲಿಲ್ಲ. ಲಿಂಗರಾಜು ಮೆಲ್ಲಗೆ "ಅಯ್ಯೋ ಶಿವನೇ" ಎಂದ. ವಿಕ್ಟೋರಿಯಾ ಮಾತ್ರ ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡು, ಗೋಡೆಯನ್ನು ತಡವಿಕೊಂಡು ನಡೆದರು. ಅವರ ಇನ್ನೊಂದು ಕೈ ಕತ್ತಿನ ಸೆರಗನ್ನು ಹಿಡಿದಿತ್ತು.

ಕೊನೆಗೆ ಪವಮಾನ ನಡೆದ. ಇಲ್ಲಿಯವರೆಗೆ ಮರ್ಯಾದೆ ಕೊಟ್ಟು ಬರೆದದ್ದು ಸಾಕು. ಅವನು ಸೌದೆಮನೆಯ ಬಾಗಿಲನ್ನು ನೇರವಾಗಿ ನೋಡಿದ, ಬೀಗವನ್ನು ನೋಡಿದ, ನಗುಮುಖದಿಂದಲೇ ಬಾವಿಕಟ್ಟೆಗೆ ಬಂದು ನಿಂತ. "ಆಯ್ತಾ ಮೇಡಂ?"

"ಕೀಲಿ ಕೊಡಿ."

"ನನ್ನ ಹತ್ರ ಇಲ್ಲ. ಬೇಕಾದ್ರೆ ತಪಾಸಣೆ ಮಾಡಿ."

ಅದು ನಿಜವೇ ಆಗಿತ್ತು. ಯಾರೂ ಕೀಲಿ ಕೊಡಲಿಲ್ಲ. ಚನ್ನಬಸವಯ್ಯ ಜೀಪಿನಿಂದ ಕಬ್ಬಿಣದ ಹಾರೆ ತಂದು ಚಿಲಕವನ್ನೇ ಮೀಟಿದರು.

ಒಳಗೆ ಹಳೆಯ ಸೌದೆ, ಒಂದು ಚಾಪೆ. ಚಾಪೆಯ ಮೇಲೆ ಫ್ಲೇವಿಯಾ. ಜ್ವರದಲ್ಲಿ ಮೈ ಕಾದಿತ್ತು, ತುಟಿ ಒಡೆದಿತ್ತು. ಉಸಿರಾಡುತ್ತಿದ್ದಳು. ಬಾಗಿಲ ಬಳಿ ಬರಿದಾದ ತಟ್ಟೆ, ಉರುಳಿಬಿದ್ದ ಚೊಂಬು. ಸುಷ್ಮಿತಾ ಕೈಗೆ ನೀರು ಬಗ್ಗಿಸಿ ತುಟಿ ಒದ್ದೆ ಮಾಡಿದಳು. ಸೌದೆಯ ಸಂದಿಯಿಂದ ಒಂದು ಹೆಗ್ಗಣ ಓಡಿತು.

"ಅಯ್ಯೋ, ಊಟ ಮಾಡ್ತಿದ್ಲಲ್ಲ," ಎಂದು ಹೊರಗಿನಿಂದ ವಿಕ್ಟೋರಿಯಾ ಕೂಗಿದರು. ಆಗಲೂ ಅವರು ಗೋಡೆಯ ಕಡೆಗೇ ತಿರುಗಿ ನಿಂತಿದ್ದರು. "ತಟ್ಟೆ ಖಾಲಿಯಾಗಿ ಬರ್ತಿತ್ತಲ್ಲ!"

ದಿನವೂ ಎರಡು ಹೊತ್ತು ಮುಖ ತಿರುಗಿಸಿಕೊಂಡೇ ಬೀಗ ತೆಗೆದು ಗಂಜಿ ತಟ್ಟೆ ಒಳಗೆ ತಳ್ಳಿ, ಹಿಂದಿನ ತಟ್ಟೆಯನ್ನು ಕೈಯಿಂದ ತಡವಿ ತೆಗೆದುಕೊಂಡಿದ್ದರು ಆ ತಾಯಿ. ನೋಡಿರಲಿಲ್ಲ. ಜ್ವರದಿಂದ ಏಳಲಾರದೆ ಮಲಗಿದ್ದ ಮಗಳ ಗಂಜಿಯನ್ನು ಹೆಗ್ಗಣಗಳು ತಿಂದಿದ್ದವು.

ಆಂಬುಲೆನ್ಸು ಹೋದ ಮೇಲೆ ಪಂಚನಾಮೆ ಬರೆದು ಮುಗಿಸುವಾಗ ಕತ್ತಲಾಗಿತ್ತು. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ಬೆಳಿಗ್ಗೆ ಠಾಣೆಗೆ ಬರಬೇಕೆಂದು ವಿಕ್ಟೋರಿಯಾಗೆ ನೋಟಿಸು ಕೊಟ್ಟು, ಬಂಗಲೆಗೆ ಮಹಿಳಾ ಕಾವಲು ಹಾಕಲಾಯಿತು. ಪವಮಾನನ ಹೇಳಿಕೆ ಸಿದ್ಧವಾಗಿಯೇ ಇತ್ತು. ನೆರಳಿಗೆ ಎಲ್ಲರೂ ತಾವಾಗಿ ಹೋಗುತ್ತಾರೆ, ಬೀಗದ ವಿಷಯ ತನಗೆ ತಿಳಿಯದು, ಪಾಪ ಆ ತಾಯಿಯ ದುಡುಕು. ಹಾವಿನ ಮಾತು ಯಾಕೆ ಹೇಳಿದಿರಿ ಎಂದರೆ, ತನಗೂ ಯಾರೋ ಹಾಗೆ ಹೇಳಿದ್ದರು ಎಂದ. ಬಳಗದವರೆಲ್ಲ ಅದಕ್ಕೇ ದನಿಗೂಡಿಸಿದರು.

ಗುರುವಾರ ಬೆಳಿಗ್ಗೆ ವಿಕ್ಟೋರಿಯಾ ಹೇಳಿದ್ದಕ್ಕಿಂತ ಮೊದಲೇ ಬಂದರು. ಒಂದು ಕೈಚೀಲದಲ್ಲಿ ಎರಡು ಸೀರೆ, ಟವೆಲು, ಹಲ್ಲುಜ್ಜುವ ಬ್ರಷ್ಷು ತಂದಿದ್ದರು. ಜೈಲಿಗೆ ಹೋಗುವ ತಯಾರಿ. ಕೇಳುವ ಮೊದಲೇ ಸೆರಗು ಸರಿಸಿ, ಕತ್ತಿನ ಶಿಲುಬೆಯ ಜೊತೆ ದಾರದಲ್ಲಿ ಕಟ್ಟಿಕೊಂಡಿದ್ದ ಕೀಲಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟರು.

"ಬದುಕಿದಾಳಾ?"

"ಬದುಕಿದಾಳೆ. ಬೀಗ ಹಾಕಿದ್ದು ಯಾರು?"

"ನಾನು."

"ಹಾಕು ಅಂದಿದ್ದು?"

"ಯಾರೂ ಇಲ್ಲ. ನಾನೇ. ನನ್ನೊಬ್ಬಳನ್ನೇ ಒಳಗೆ ಹಾಕಿ."

"ಪವಮಾನ?"

"ದೊಡ್ಡಣ್ಣಂಗೆ ಗೊತ್ತೇ ಇರ್ಲಿಲ್ಲ."

ಕೈ ಮಾತ್ರ ಇವರದು, ಬಾಯಿ ಬೇರೆಯವರದು ಎಂದು ನಯನಾಗೆ ಅನ್ನಿಸಿತು. ಸಾಕ್ಷಿಯೇನೂ ಇರಲಿಲ್ಲ. ಈ ಸಲ ಅವಳು ಆ ಅನಿಸಿಕೆಯನ್ನು ಬಿಡಲಿಲ್ಲ.

"ನಿನ್ನೆ ನೀವು ಕಣ್ಣು ಮುಚ್ಕೊಂಡು ನಡೆದ್ರಿ. ಉಳಿದವರು ಹೆಂಗೆ ನಡೆದ್ರು ಅಂತ ನೀವು ನೋಡಲಿಲ್ಲ. ನಾನು ನೋಡ್ದೆ. ಎಲ್ಲರೂ ಮುಖ ತಿರುಗಿಸಿದ್ರು. ಒಬ್ಬರನ್ನ ಬಿಟ್ಟು."

"ಯಾರು?"

"ನಿಮ್ಮ ದೊಡ್ಡಣ್ಣ."

"ಸುಳ್ಳು."

"ಬಾಗಿಲು ನೋಡಿದ್ರು. ಬೀಗ ನೋಡಿದ್ರು. ನಕ್ಕೊಂಡು ಬಂದ್ರು."

ಮೂಲೆಯಲ್ಲಿ ನಿಂತಿದ್ದ ಸುಷ್ಮಿತಾಳ ಕಡೆ ವಿಕ್ಟೋರಿಯಾ ತಿರುಗಿದರು. "ಹೌದೇನಮ್ಮಾ?"

"ಹೌದು ಕಣಮ್ಮ. ನಾನೂ ನೋಡ್ದೆ. ಎರಡು ಸಲ ನೋಡಿದ್ರು."

ವಿಕ್ಟೋರಿಯಾ ಮನಸ್ಸಿನಲ್ಲೇ ಒಂದಕ್ಕೊಂದು ಜೋಡಿಸುತ್ತಿದ್ದರು.

"ಅಂಗಾರೆ ಅವ್ರಿಗೆ ಭಯ ಇಲ್ವಾ?"

"ಇದ್ದ ಹಾಗೆ ಕಾಣಲಿಲ್ಲ."

"ಅಂಗಾರೆ, ನೋಡಿದ್ರೆ ಜೀವ ಹೋಗುತ್ತೆ ಅನ್ನೋದು ಸುಳ್ಳಾ?"

ನಯನಾ ಹೇಳಿಕೆಯ ಹಾಳೆಯನ್ನು ಹತ್ತಿರ ಎಳೆದುಕೊಂಡಳು.

"ಅಂಗಾರೆ ನನ್ನ ಆಂಟೋ?" ಎಂದು ಕೇಳಿ ವಿಕ್ಟೋರಿಯಾ ಎರಡೂ ಕೈಯಿಂದ ಮೇಜನ್ನು ಹಿಡಿದುಕೊಂಡರು. ಸುಷ್ಮಿತಾ ಹತ್ತಿರ ಹೋಗಿ ಬೆನ್ನಿನ ಮೇಲೆ ಕೈಯಿಟ್ಟಳು. ಆಮೇಲೆ ಬಂದದ್ದು ಅಳುವಲ್ಲ, ಮಾತು. ಅದನ್ನು ದಾಖಲಿಸಿಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಯಿತು.

ಮೂರು ವರ್ಷದ ಹಿಂದೆ ಮಗ ಆಂಟೋಗೆ ಡೆಂಗಿ ಜ್ವರ. ಪ್ರಾರ್ಥನೆ ಸಾಕು, ಅಲುಗಬೇಡಿ ಎಂದಿದ್ದ ಪವಮಾನ. ತಾಯಿಯ ಜೀವ ತಡೆಯಲಿಲ್ಲ. ಯಾರಿಗೂ ಹೇಳದೆ ಮಗನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಆ ಹೊತ್ತಿಗೆ ತಡವಾಗಿತ್ತು. ಮಣ್ಣು ಮಾಡಿ ಬಂದ ದಿನ ಪವಮಾನ ಅವರ ಕೈ ಹಿಡಿದುಕೊಂಡು, ನೀನು ಅಲುಗಿದೆಯಲ್ಲಮ್ಮ, ಅದಕ್ಕೇ ಹೋದ ಎಂದ. ಬೈಯಲಿಲ್ಲ, ಮೆತ್ತಗೆ ಹೇಳಿದ. ಅಂದಿನಿಂದ ಅವರು ಆ ಮನೆಯ ಅತಿ ನಿಷ್ಠಾವಂತ ಹೆಂಗಸಾದರು.

ಮೇ ತಿಂಗಳ ಕೊನೆಯ ಒಂದು ದಿನ ತಲೆ ಬಾಚುವಾಗ ಫ್ಲೇವಿಯಾ ತಾಯಿಗೆ ಒಂದು ಮಾತು ಹೇಳಿದಳು. "ಆಂಟೋ ಸತ್ತಿದ್ದು ನಿನ್ನಿಂದಲ್ಲಮ್ಮ. ಇನ್ನೂ ಮೊದಲೇ ಕರ್ಕೊಂಡು ಹೋಗಿದ್ರೆ ಉಳೀತಿದ್ದ. ಇವ್ರು ಹೇಳೋದು ಸುಳ್ಳು. ಬಾ, ಅಪ್ಪನ ಮನೆಗೆ ಹೋಗೋಣ."

ಆಸರೆಯಾದವರು ಕೇಳಿದ್ದನ್ನು ಒಪ್ಪಿಸಬೇಕು. ತಾಯಿ ಒಪ್ಪಿಸಿದರು. ಪವಮಾನ ತಾನೇ ಹೊಸ ಬೀಗ ತಂದು ಅವರ ಅಂಗೈಯಲ್ಲಿಟ್ಟ. ಒಂದು ಮಗು ಹೋಯಿತು, ಇನ್ನೊಂದನ್ನು ಉಳಿಸಿಕೊಳ್ಳುವುದು ನಿನ್ನ ಕೈಯಲ್ಲಿದೆ ಎಂದ.

ಹೇಳಿಕೆ ಮುಗಿದ ಕೂಡಲೇ ನಿಯಮದಂತೆ ವಿಕ್ಟೋರಿಯಾರನ್ನು ಬಂಧಿಸಿ, ಸಂಬಂಧಿಕರಿಗೆ ತಿಳಿಸಲಾಯಿತು. ಸಂಬಂಧಿಕರೆಂದರೆ ಅಮಲರಾಜ್. ಹೇಳಿಕೆಯನ್ನು ಕಮಲ ಅವರಿಗೆ ಓದಿ ಹೇಳಿದಾಗ ಅವರೂ ಬಾಯಿ ಬಿಟ್ಟರು. ಬೀಗದ ಪೊಟ್ಟಣ ಪವಮಾನನ ಜುಬ್ಬಾ ಜೇಬಿನಿಂದ ಬಂದದ್ದನ್ನು ಅವರು ಕಂಡಿದ್ದರು. ಫ್ಲೇವಿಯಾಳ ಮೊಬೈಲು ಅವನ ಮೇಜಿನ ಡ್ರಾಯರಿನಲ್ಲಿ ಸಿಕ್ಕಿತು. ಮಧ್ಯಾಹ್ನ ಎರಡಕ್ಕೆ ಹಜಾರದ ದೀಪದ ಮುಂದೆಯೇ ಅವನಿಗೆ ಬಂಧನದ ಕಾರಣಗಳನ್ನು ಓದಿ ಹೇಳಲಾಯಿತು. ಅಕ್ರಮ ಬಂಧನ, ಅದಕ್ಕೆ ಕುಮ್ಮಕ್ಕು, ತನಿಖೆಗೆ ಸುಳ್ಳು ಮಾಹಿತಿ. ಅವನು ಕೊನೆಯವರೆಗೂ ಮೆತ್ತಗೇ ಮಾತಾಡಿದ. ಜೀಪಿನವರೆಗೆ ಅವನನ್ನು ನಡೆಸಿಕೊಂಡು ಹೋಗುವಾಗ ಬಳಗದವರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರಾಗಿ ಮುಖ ತಿರುಗಿಸಿದರು. ಆಗ ಮಾತ್ರ ಅವನ ನಗು ಮಾಸಿತು.

ಬಂಧಿತರ ವೈದ್ಯಕೀಯ ತಪಾಸಣೆಗೆ ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು. ಫ್ಲೇವಿಯಾ ಇದ್ದದ್ದೂ ಅಲ್ಲೇ. ನಯನಾ ಮೊದಲು ವಾರ್ಡಿಗೆ ಹೋದಳು. ಜ್ವರ ಇಳಿಯುತ್ತಿದೆ ಎಂದರು ಡಾಕ್ಟರು. ಇನ್ನೊಂದು ದಿನ ತಡವಾಗಿದ್ದರೆ ಎಂದು ಶುರುಮಾಡಿ, ಅವಳ ಮುಖ ನೋಡಿ ಮಾತು ನಿಲ್ಲಿಸಿದರು.

"ಸೋಮವಾರ ನಾನು ಬಂದಿದ್ದೆ," ಎಂದಳು ನಯನಾ ಹಾಸಿಗೆಯ ಪಕ್ಕ ಕೂತು. "ನಿಮ್ಮ ಬಾಗಿಲ ಮುಂದೇನೇ ನಿಂತಿದ್ದೆ. ತೆಗೆಸಬೇಕು ಅನ್ನಿಸ್ತು, ತೆಗೆಸಲಿಲ್ಲ. ನನ್ನ ತಪ್ಪು."

"ಗೊತ್ತು ಮೇಡಂ. ಬೂಟಿನ ಸದ್ದು ಕೇಳಿಸ್ತು."

"ಆಗ ಎಚ್ಚರ ಇತ್ತಾ?"

"ಇತ್ತು."

"ಯಾಕೆ ಕೂಗಲಿಲ್ಲ?"

"ಕೂಗಿದ್ರೆ ಅಮ್ಮನ್ನ ಹಿಡ್ಕೊಂಡು ಹೋಗ್ತಿದ್ರಲ್ಲ."

ನಯನಾ ಅವಳ ಹೊದಿಕೆ ಸರಿಮಾಡಿದಳು. ಎದ್ದು ಹೊರಗೆ ಬಂದಳು. ಒಳಗೆ ಅಮಲರಾಜ್ ಮಗಳಿಗೆ ಚಮಚದಲ್ಲಿ ಗಂಜಿ ಕುಡಿಸಲು ಶುರುಮಾಡಿದರು.

ತಪಾಸಣೆ ಮುಗಿಸಿ ಸುಷ್ಮಿತಾ ವಿಕ್ಟೋರಿಯಾರನ್ನು ಅದೇ ಮೊಗಸಾಲೆಯಲ್ಲಿ ಕರೆತಂದಳು. ಬೇರೆ ದಾರಿ ಇರಲಿಲ್ಲ. ವಾರ್ಡಿನ ಬಾಗಿಲು ತೆರೆದಿತ್ತು. ಅಲ್ಲಿಗೆ ಬಂದದ್ದೇ ವಿಕ್ಟೋರಿಯಾರ ಕುತ್ತಿಗೆ ಎದುರು ಗೋಡೆಗೆ ಹೊರಳಿತು. ಅಲ್ಲಿ ಲಸಿಕೆಯ ಪೋಸ್ಟರಿತ್ತು. ಅದನ್ನೇ ನೋಡುತ್ತಾ ನಿಂತುಬಿಟ್ಟರು. ಒಳಗೆ ಅಮಲರಾಜ್ ಹೆಂಡತಿಯನ್ನು ಕಂಡರು. ಅವರೂ ತಲೆ ತಗ್ಗಿಸಿ ಬಟ್ಟಲಿನ ಕಡೆ ಮುಖ ಮಾಡಿದರು.

"ಅಮ್ಮ," ಎಂದಳು ಫ್ಲೇವಿಯಾ.

ವಿಕ್ಟೋರಿಯಾ ತಿರುಗಲಿಲ್ಲ. "ನೋಡಲ್ಲ ಕಣೆ. ನೋಡೋ ಮುಖ ಇಲ್ಲ ನಂಗೆ."

"ಗಂಜಿ ಕುಡೀತಿದೀನಮ್ಮ. ನೋಡು."

ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಹೊತ್ತಾಗುತ್ತಿದೆ ಎಂದು ಚನ್ನಬಸವಯ್ಯ ಗಡಿಯಾರ ತೋರಿಸಿದರು. ನಯನಾ ಕೈಯೆತ್ತಿ ಅವರನ್ನು ತಡೆದಳು. ಫ್ಲೇವಿಯಾ ಅಪ್ಪನ ಕೈಯಿಂದ ಚಮಚ ಕಿತ್ತುಕೊಂಡು ತಾನೇ ಬಾಯಿಗಿಟ್ಟುಕೊಂಡಳು. ಚಮಚ ಬಟ್ಟಲಿಗೆ ತಾಗಿದ ಸದ್ದಿಗೆ ವಿಕ್ಟೋರಿಯಾ ಮೆಲ್ಲಗೆ ಈ ಕಡೆ ತಿರುಗಿದರು. ಮಗಳು ಬಟ್ಟಲು ಖಾಲಿ ಮಾಡುವವರೆಗೂ ನೋಡುತ್ತಾ ನಿಂತರು, ಆಮೇಲೆ ಸುಷ್ಮಿತಾಳ ಜೊತೆ ಜೀಪಿಗೆ ನಡೆದರು.